ಹಾಡಿಲ್ಲದ ಗುಮಟೆ

“ಮೇಡಂ, ಈ ಜಾಳಿ ಬಿಚ್ಚಿ ನೋಡಿದ್ರಾ?”

“ಯಾವ ಜಾಳಿ ಸರ್?”

ಪಿಎಸ್‌ಐ ಅರ್ಚಿತಾ ಮೇಡಂ ನನ್ನ ಗೆಳೆಯ ಪ್ರಕಾಶನ ಕೋಣೆಯ ಬಾಗಿಲಲ್ಲೇ ನಿಂತಿದ್ದರು. ನಾನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದೆ. ಪೊಲೀಸ್ ವಾಯರ್‌ಲೆಸ್ಸಿನಿಂದ ನಿವೃತ್ತನಾಗಿ ಐದು ವರ್ಷವಾಯಿತು. ಕನ್ನಡಕ ಮರೆತು ಮನೆಯಿಂದ ಹೊರಬಿದ್ದೇನು, ಸ್ಕ್ರೂಡ್ರೈವರ್ ಮರೆಯುವವನಲ್ಲ.

ಮೇಜಿನ ಮೇಲೆ ಹಳೇ ರೇಡಿಯೋದಂಥ ಗಾಜಿನ ವಾಲ್ವು ಹಾಕಿ ಪ್ರಕಾಶ ಕೈಯಾರೆ ಕಟ್ಟಿದ ವಾಲ್ವ್ ಆಂಪ್ಲಿಫೈಯರ್ ಇತ್ತು. ಬಿಸಿ ವಾಲ್ವು ಮುಟ್ಟಿ ಯಾರ ಕೈಯೂ ಸುಡಬಾರದೆಂದು ಮೇಲೆ ಕಬ್ಬಿಣದ ಜಾಳಿ ಹೊಚ್ಚಿದ್ದ. ನಾಲ್ಕು ಸ್ಕ್ರೂ ಬಿಚ್ಚಿ ಜಾಳಿ ಎತ್ತಿದೆ. ಮುಂದಿನ ಸಾಲಿನ ಸಣ್ಣ ವಾಲ್ವು ಎರಡೂ ಇದ್ದವು. ಹಿಂದೆ ದೊಡ್ಡವು ಎರಡು ಇರಬೇಕಾದಲ್ಲಿ ಬರೀ ತೂತು.

“ಇವಿಲ್ಲದೆ ಈ ಪೆಟ್ಟಿಗೆ ಹಾಡೋದಿಲ್ಲ ಮೇಡಂ. ಕೆಂಪು ದೀಪ ಹತ್ತತದೆ, ಅಷ್ಟೇ.”

“ಹಾಗಾದ್ರೆ ವಾಲ್ವು ಎಲ್ಲಿ?”

ಚೀಲದಿಂದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟೆ. ಹರಿದ ಬನಿಯನ್ನಿನಲ್ಲಿ ಸುತ್ತಿದ ಎರಡು ವಾಲ್ವು. “ನಿನ್ನೆ ಮಧ್ಯಾಹ್ನ ಹನ್ನೆರಡಕ್ಕೇ ಈ ಮನೆ ಬಿಟ್ಟಿದ್ದವು.”

ಮೇಡಂ ಮುಖದ ಬಣ್ಣ ಬದಲಾಯಿತು. ಬದಲಾಗಲೇಬೇಕು. ನಿನ್ನೆ ಸಂಜೆ ಏಳೂವರೆಗೆ ಮಾವಿನಕುರ್ವೆಯ ಈ ಕೋಣೆಯಲ್ಲಿ ಪ್ರಕಾಶ ಸಬ್‌ವೂಫರ್ ಪೆಟ್ಟಿಗೆಯ ಮೂಲೆಗೆ ತಲೆ ಬಡಿದು ಸತ್ತು ಬಿದ್ದಿದ್ದ. ಭುಜದ ಮೇಲೆ ಬೆರಳಿನ ಗುರುತಿತ್ತು, ಯಾರೋ ದೂಡಿದ್ದರು. ಸಾವು ಮೂರರಿಂದ ಏಳೂವರೆಯೊಳಗೆ ಎಂದರು ಡಾಕ್ಟರು. ಏಳಕ್ಕೆ ಎಂದಿನಂತೆ ಹಾಡು ಹಾಕಿದ್ದ ಎಂದು ಪಕ್ಕದ ಮನೆಯ ಟೇಲರ್ ನರ್ಮದಾ ಬರೆಸಿದ್ದಳು. ಅಂದ ಮೇಲೆ ಏಳಕ್ಕೆ ಬದುಕಿದ್ದ. ಏಳೂವರೆಗೆ ಹೆಣದ ಪಕ್ಕದಲ್ಲಿ ಜನರ ಕೈಗೆ ಸಿಕ್ಕಿದವನು ಪ್ರಕಾಶನ ಹೆಂಡತಿಯ ತಮ್ಮ ಮಂಜು. ಅವನ ಜೇಬಿನಲ್ಲಿ ಪ್ರಕಾಶನ ಪೆನ್‌ಡ್ರೈವ್ ಇತ್ತು.

ಇವತ್ತು ಸಂಜೆ ಐದಕ್ಕೆ ಮಂಜುವನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಲ್ಲಿಂದ ಅವನು ಹೋಗುವುದು ಜೈಲಿಗೆ.

“ಇದು ನಿಮ್ಮ ಕೈಗೆ ಹ್ಯಾಗೆ ಬಂತು ಸರ್?”

ಆ ಪ್ರಶ್ನೆಗೇ ನಾನು ಹೆದರಿದ್ದೆ.

ನಮ್ಮ ಕಡೆ ಅಂಚೆಗಿಂತ ಟೆಂಪೋ ಮೇಲೆ ಹೆಚ್ಚು ನಂಬಿಕೆ. ಭಟ್ಕಳದ ಜವಳಿ, ಹೊನ್ನಾವರದ ಔಷಧ, ಕುಮಟಾದ ಮದುವೆ ಕಾಗದ, ಎಲ್ಲವೂ ಡ್ರೈವರನ ಸೀಟಿನ ಹಿಂದೆ ಹೋಗುತ್ತವೆ. ಇಳಿಸಿಕೊಳ್ಳುವವನು ಸ್ಟ್ಯಾಂಡಿನಲ್ಲಿ ಕಾದಿರಬೇಕು. ನಿನ್ನೆ ಒಂದು ಗಂಟೆಗೆ ಡ್ರೈವರ್ ಫೋನು ಮಾಡಿ, ಪ್ರಕಾಶಣ್ಣ ಎಂತದೋ ಪೊಟ್ಟಣ ಕೊಟ್ಟಿದ್ದಾರೆ, ಬನ್ನಿ ಎಂದ. ಚಾ ಅಂಗಡಿಯಲ್ಲಿ ಇಟ್ಟು ಹೋಗು ಎಂದೆ. ನನ್ನ ಮನೆಯಿಂದ ಕುಮಟಾ ಸ್ಟ್ಯಾಂಡಿಗೆ ಹತ್ತು ನಿಮಿಷದ ದಾರಿ. ಆದರೂ ಹೋಗಲಿಲ್ಲ. ಸಿಟ್ಟು.

ಇವತ್ತು ಬೆಳಿಗ್ಗೆ ಸಾವಿನ ಸುದ್ದಿ ಕೇಳಿ ಹೊನ್ನಾವರಕ್ಕೆ ಹೊರಟಾಗ ಚಾ ಅಂಗಡಿಯವನೇ ಕರೆದು ಪೊಟ್ಟಣ ಕೈಗಿಟ್ಟ. ಒಳಗೊಂದು ಚೀಟಿ ಇತ್ತು.

“ದಿನಕರಣ್ಣಾ, ಎಡಗಡೆ ಗುಂಯ್ ಅಂತದೆ. ಜೋಡಿ ವಾಲ್ವು, ಬೇರೆ ಮಾಡ್ಬೇಡ, ಒಟ್ಟಿಗೇ ಟೆಸ್ಟ್ ಮಾಡು. ರವಿವಾರ ನೀನೇ ತಕಂಡು ಬಾ. ನೀ ಹೇಳಿದಂಗೇ ವೈರ್ ಹಾಕಿ ಒಂದ್ಸಲ ಕೇಳುವಾ. ಅಲ್ಲಿವರೆಗೆ ಈ ಮನೇಲಿ ಹಾಡಿಲ್ಲ.”

ಸ್ಟ್ಯಾಂಡಿನಲ್ಲಿ ಜನರ ಎದುರಿಗೇ ಅತ್ತುಬಿಟ್ಟೆ. ಅರವತ್ತೈದರ ಗಂಡಸು.

ನಮ್ಮ ಜಗಳದ ವಿಷಯ ಕೇಳಿದರೆ ನೀವು ನಗುತ್ತೀರಿ. ಒಂದು ವೈರು.

ಪ್ರಕಾಶನ ಹೆಂಡತಿ ದೇವಿ ತೀರಿಕೊಂಡು ಮೂರು ವರ್ಷ. ಗೇರುಸೊಪ್ಪದ ಕಡೆಯವಳು. ಅವಳು ನಟ್ಟಿಯ ಹಾಡು ಎತ್ತಿದರೆ ಗದ್ದೆಯಂಚಿನಲ್ಲಿ ಹೋಗುವವರ ಕಾಲು ನಿಲ್ಲುತ್ತಿತ್ತು. ಕಾಯಿಲೆ ಬಿದ್ದ ಮೇಲೆ ಒಂದು ಮಧ್ಯಾಹ್ನ ಇದೇ ಕೋಣೆಯಲ್ಲಿ ಅವಳು ಹಾಡಿದಳು, ಮಂಜು ಮಣ್ಣಿನ ಗುಮಟೆ ಬಾರಿಸಿದ, ಪ್ರಕಾಶ ಟೇಪ್ ಮಾಡಿಕೊಂಡ. ಇಪ್ಪತ್ತೆರಡು ನಿಮಿಷ. “ಹೊಳೆಯಾಚೆ ದೀಪ ಕಂಡೀತು ತಂಗೀ, ದೋಣಿಯ ಸುದ್ದಿ ಬರಲಿಲ್ಲ.” ‘ಕಂಡೀತು’ ಆದ ಮೇಲೆ, ಹಾಡಿನಲ್ಲಿ ನಿಲ್ಲಬಾರದ ಜಾಗದಲ್ಲಿ, ಅವಳು ಒಂದು ಉಸಿರು ಎಳೆದುಕೊಳ್ಳುತ್ತಾಳೆ. ಕಾಯಿಲೆಯ ಉಸಿರು. ಹಾಡು ಮುಗಿದು ಹದಿನೆಂಟು ದಿನಕ್ಕೆ ಹೋದಳು.

ಪ್ರಕಾಶ ಮೊದಲು ಮದುವೆ ಮನೆಗಳಿಗೆ ಮೈಕು ಕಟ್ಟುತ್ತಿದ್ದವನು. ಆಮೇಲೆ ಆ ದೊಡ್ಡ ಪೆಟ್ಟಿಗೆಗಳನ್ನೆಲ್ಲ ಕೊಟ್ಟುಬಿಟ್ಟು ಎರಡು ಪುಟ್ಟ ಸ್ಪೀಕರ್ ಇಟ್ಟುಕೊಂಡ. ಯಾಕೋ ಎಂದು ಕೇಳಿದರೆ, “ದೊಡ್ಡದ್ರಲ್ಲಿ ದೇವಿ ಗೋಡೆಯಷ್ಟಗಲ ಆತಾಳೆ ದಿನಕರಣ್ಣ. ಇದ್ರಲ್ಲಿ ಅವಳಷ್ಟೇ ಇರ್ತಾಳೆ” ಎಂದ.

ಅದಕ್ಕೆ ತಕ್ಕಂತೆ ವಾಲ್ವಿನ ಆಂಪ್ಲಿಫೈಯರ್ ಕಟ್ಟಿದ. ಎಂಟೇ ವ್ಯಾಟು. ದನಿ ಬಂತು, ಉಸಿರು ಸಹಿತ ಬಂತು. ಗುಮಟೆ ಮಾತ್ರ ಬರಲಿಲ್ಲ. ಐದಿಂಚಿನ ಸ್ಪೀಕರಿನಲ್ಲಿ ಆ ಧುಂ ಎನ್ನುವ ಸದ್ದು ಎಲ್ಲಿಂದ ಬರಬೇಕು? ಬಲವಂತದಿಂದ ಬರಿಸಲು ಹೋದರೆ ಎಂಟು ವ್ಯಾಟಿನ ಶಕ್ತಿಯೆಲ್ಲ ಅಲ್ಲೇ ಸೋರಿ ದನಿ ಒಡೆಯುತ್ತಿತ್ತು. ಆಗ ಸಬ್‌ವೂಫರ್ ಕಟ್ಟಿದ. ತಗ್ಗಿನ ಸದ್ದಿಗೆಂದೇ ಇರುವ ಪೆಟ್ಟಿಗೆ ಅದು. ಅದರ ಹೊಟ್ಟೆಯಲ್ಲಿ ಅದರದ್ದೇ ಆಂಪ್ಲಿಫೈಯರ್, ಅದಕ್ಕೆ ಅದರದ್ದೇ ಕರೆಂಟು.

ಪೆಟ್ಟಿಗೆಗೆ ಜಾಗ ಹುಡುಕಲು ಅವನು ಮಾಡಿದ್ದು ನೋಡಬೇಕಿತ್ತು. ತಾನು ಕೂರುವ ಕುರ್ಚಿಯ ಮೇಲೆ ಸಬ್ಬನ್ನು ಕೂರಿಸಿ, ಹಾಡು ಹಚ್ಚಿ, ತಾನು ನೆಲದ ಮೇಲೆ ಅಂಬೆಗಾಲಿಟ್ಟು ಕೋಣೆಯೆಲ್ಲ ಸುತ್ತಿದ. ಗುಮಟೆ ಎಲ್ಲಿ ಹದವಾಗಿ ಕೇಳಿತೋ ಅಲ್ಲಿ ಸುಣ್ಣದಕಡ್ಡಿಯಿಂದ ಗೆರೆ ಎಳೆದ. ಸಬ್ಬು ಹೋಗಿ ಆ ಗೆರೆಯೊಳಗೆ ಕೂತಿತು. ಅದರದೇ ಮೂಲೆ ಅವನ ತಲೆ ಒಡೆಯಿತು.

ಇನ್ನು ವೈರು. ಸಬ್ಬಿನ ವೈರನ್ನು ವಾಲ್ವ್ ಆಂಪ್ಲಿಫೈಯರಿನ ಸ್ಪೀಕರ್ ತುದಿಯಿಂದ ತೆಗೆ, ಸ್ಪೀಕರಿಗೆ ಸಿಕ್ಕಿದ್ದೇ ಅದಕ್ಕೂ ಸಿಗಲಿ, ಎರಡರ ಗುಣ ಹೊಂದುತ್ತದೆ ಎಂದೆ ನಾನು. ಅವನು ಕೇಳಲಿಲ್ಲ. ಆ ಹಾಡಿನ ಪೆನ್‌ಡ್ರೈವ್ ಚುಚ್ಚುವ ಪ್ಲೇಯರಿನ ಬುಡದಲ್ಲೇ ಎರಡು ದಾರಿ ಮಾಡಿದ. ಗುಮಟೆ ನೇರ ಸಬ್ಬಿಗೆ, ದನಿ ವಾಲ್ವಿಗೆ. “ಬಡಪಾಯಿ ವಾಲ್ವಿಗೆ ಗುಮಟೆ ಭಾರ ಎಂತಕ್ಕೆ?” ಎಂದ. ನನ್ನ ಅನುಭವಕ್ಕೆ ಬೆಲೆಯಿಲ್ಲವೇ ಎಂದು ನಾನು ಎದ್ದು ಬಂದೆ. ಹದಿನೈದು ದಿನ ಮಾತು ಬಿಟ್ಟೆವು. ನನಗೆ ಮಾತಾಡಲು ಇದ್ದವನು ಅವನೊಬ್ಬನೇ ಎಂಬುದು ಗೊತ್ತಿದ್ದೂ ಬಿಟ್ಟೆ.

“ವಾಲ್ವು ಕುಮಟಾದಲ್ಲಿ,” ಮೇಡಂ ಮೆಲ್ಲಗೆ ಹೇಳಿದರು. “ಮತ್ತೆ ಏಳಕ್ಕೆ ಹಾಡಿದ್ದೇನು ಸರ್?”

“ನರ್ಮದಾನ್ನೇ ಕೇಳುವಾ.”

ಎರಡು ಮನೆಗಳ ನಡುವೆ ಮೂರಡಿ ಓಣಿ. ನರ್ಮದಾ ತನ್ನ ಹೊಸ್ತಿಲಲ್ಲಿ ನಿಂತಿದ್ದಳು, ಕೊರಳಲ್ಲಿ ಅಳತೆ ಟೇಪು. ಐವತ್ತರ ಆಸುಪಾಸಿನ ಒಂಟಿ ಹೆಂಗಸು. ಇಡೀ ದಿನ ಹೊಲಿಗೆ ಮಿಶನ್ ತುಳಿಯುತ್ತಾಳೆ, ಮಾತು ಕಡಿಮೆ.

“ನರ್ಮದಾ, ನಿನ್ನೆ ಏಳಕ್ಕೆ ಎಂತ ಕೇಳಿತು?”

“ಬರ್ಸಿದ್ನಲ ಅಣ್ಣ. ದಿನಾ ಹಾಕ್ದಂಗೇ ಹಾಕ್ದ.”

“ಕಣ್ಮುಚ್ಚಿ ನೆನಪು ಮಾಡು. ಮೊದ್ಲು ಎಂತ?”

ಅವಳು ನಿಜವಾಗಿಯೂ ಕಣ್ಣು ಮುಚ್ಚಿದಳು. “ಕರೆಂಟು ಬಂತು. ಲೈನ್ ಮೇಲೆ ಮರ ಬಿದ್ದು ಎರಡು ಗಂಟೆಗೇ ಹೋಗಿತ್ತು. ಏಳಕ್ಕೆ ಐದು ನಿಮಿಷ ಇರುವಾಗ ಬಲ್ಬು ಹತ್ತಿತು. ಅದ್ರ ಸಂತಿಗೇ ಗುಮಟೆ ಸುರುವಾತು.”

“ಆಮೇಲೆ?”

“ಗುಮಟೆ.” ಅವಳ ಹುಬ್ಬು ಗಂಟಾಯಿತು. “ಗುಮಟೆನೇ ಅಣ್ಣ. ಕೊನೇವರೆಗೂ ಗುಮಟೆ.”

“ಹಾಡು?”

“ಹಾಡು ಬರ್ಲಿಲ್ಲ. ಮಿಶನ್ ನಿಲ್ಸಿ ಕಾದೆ. ದೇವಿ ಇವತ್ತೆಂತಕ್ಕೆ ಹಾಡ್ತಿಲ್ಲ ಅಂದ್ಕಂಡೆ.”

ಮೇಡಂಗೆ ಸಿಟ್ಟು ಬಂತು. “ನಿನ್ನೆ ಯಾಕೆ ಇದನ್ನ ಹೇಳಲಿಲ್ಲ?”

“ಹಾಕಿದ್ನಾ ಅಂತ ಕೇಳಿದ್ರಿ, ಹೌದು ಅಂದೆ. ಗುಮಟೆ ಇದ್ದಲ್ಲಿ ಹಾಡು ಇದ್ದಂಗೇ ಅಲ್ದಾ? ಮೂರು ವರ್ಷ ಕೇಳಿದ್ದು. ಉಳಿದದ್ದು ಮನಸೇ ತುಂಬ್ಕಂತದೆ.”

ಒಳಗೆ ಬಂದು ಒಮ್ಮೆ ನೋಡು ಎಂದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. “ಬ್ಯಾಡ ಅಣ್ಣ. ದೇವಿ ಹೋದ್ಮೇಲೆ ಆ ಹೊಸ್ತಿಲು ನಾ ದಾಟ್ಲಿಲ್ಲ. ಒಬ್ಬ ಗಂಡಸಿದ್ದ ಮನೆ. ಕೇಳಿದ್ದೆಲ್ಲ ಗೋಡೆಯಿಂದ್ಲೇ.”

ಕೋಣೆಗೆ ಮರಳಿ ಮೇಡಂಗೆ ಬಿಡಿಸಿ ಹೇಳಿದೆ. ಪೆನ್‌ಡ್ರೈವಿನ ಆ ಪ್ಲೇಯರಿಗೆ ಒಂದು ಕೆಟ್ಟ ಚಾಳಿಯಿದೆ. ಸ್ವಿಚ್ ಹಾಕಿದ್ದಾಗ ಕರೆಂಟು ಹೋಗಿ ಬಂದರೆ ತನ್ನಷ್ಟಕ್ಕೇ ಹಾಡತೊಡಗುತ್ತದೆ. ನಿನ್ನೆ ಕರೆಂಟು ಬಂತು, ಪ್ಲೇಯರ್ ಎದ್ದಿತು. ಗುಮಟೆ ಸಬ್ಬಿಗೆ ಹೋಯಿತು, ಸಬ್ಬು ಬಾರಿಸಿತು. ದನಿ ವಾಲ್ವಿಗೆ ಹೋಯಿತು, ಅಲ್ಲಿ ವಾಲ್ವೇ ಇರಲಿಲ್ಲ.

“ಏಳಕ್ಕೆ ಹಾಡು ಹಾಕಿದ್ದು ಪ್ರಕಾಶ ಅಲ್ಲ ಮೇಡಂ, ಕರೆಂಟು. ಬದುಕಿದ್ರೆ ಹಾಡಿಲ್ಲದ ಗುಮಟೆಯನ್ನ ಅವ ಇಪ್ಪತ್ತೆರಡು ನಿಮಿಷ ಓಡೂಕೆ ಬಿಡ್ತಿದ್ನಾ? ಕರೆಂಟು ಬರುವಾಗ್ಲೇ ಸತ್ತಿದ್ದ.”

“ಮಂಜು ಇದ್ದ ಬಸ್ಸು ಹೊನ್ನಾವರ ಮುಟ್ಟಿದ್ದೇ ಆರೂಮುಕ್ಕಾಲಿಗೆ,” ಮೇಡಂ ಬೆರಳು ಮಡಚಿದರು. “ಕಂಡಕ್ಟರ್ ಹೇಳಿದ್ದಾನೆ. ಅಲ್ಲಿಂದ ಇಲ್ಲಿಗೆ ಅರ್ಧ ಗಂಟೆ ಬೇಕು.”

“ಆತಲ್ಲ.”

ನಾನು ಹೇಳಿದ ಹಾಗೆ ವೈರು ಹಾಕಿದ್ದರೆ ವಾಲ್ವಿಲ್ಲದೆ ಸಬ್ಬೂ ಸುಮ್ಮನಿರುತ್ತಿತ್ತು. ಸತ್ತ ಮೇಲೆ ಮಂಜುವಿನ ಪರವಾಗಿ ಸಾಕ್ಷಿ ಹೇಳಿದ್ದು ಪ್ರಕಾಶನ ಹಟವೇ. ಅವನಿಗೆ ಇದನ್ನು ಹೇಳಿ ನಗಬೇಕೆನಿಸಿತು. ಹೇಳಲು ಅವನಿರಲಿಲ್ಲ.

“ಆದ್ರೆ ಒಂದು ಮಾತು ಮೇಡಂ. ಕರೆಂಟು ಹೋದ ಕೂಡ್ಲೇ ಎಲ್ಲ ಸ್ವಿಚ್ ಆರಿಸೋದು ಪ್ರಕಾಶನ ಪದ್ಧತಿ. ಅದೂ ವಾಲ್ವಿಲ್ಲದ ದಿನ ಅವ ಸ್ವಿಚ್ ಮುಟ್ಟೋದಿಲ್ಲ. ಹನ್ನೆರಡರಿಂದ ಏಳರೊಳಗೆ ಬೇರೆ ಯಾರೋ ಹಾಕಿದ್ದಾರೆ.”

“ನಾಲ್ಕಕ್ಕೆ ಭಟ್ಕಳದ ಸ್ಪೀಕರ್ ಅಂಗಡಿಯ ರಾಜೇಶ ಬಂದಿದ್ದ,” ಎಂದರು ಮೇಡಂ. “ಫೋನಿನಲ್ಲಿ ಅವನೇ ಒಪ್ಪಿದ. ಅರ್ಧ ಗಂಟೆ ಕೂತು ಹಾಡು ಕೇಳಿದೆ, ನಾಲ್ಕೂವರೆಗೆ ಹೊರಟೆ ಅಂದ.”

ಇಬ್ಬರೂ ಆಂಪ್ಲಿಫೈಯರಿನ ಖಾಲಿ ತೂತುಗಳನ್ನು ನೋಡಿದೆವು.

“ಖಾಕಿ ಕಂಡರೆ ಅವನು ಬಾಯಿ ಬಿಡೋದಿಲ್ಲ, ನೀವು ಭಟ್ಕಳಕ್ಕೆ ಹೋಗಿ ಸರ್. ನಾನು ನರ್ಮದಾರ ಹೇಳಿಕೆ ಹೊಸದಾಗಿ ಬರೆಸಿಕೊಳ್ತೇನೆ. ಐದು ಗಂಟೆ ನೆನಪಿರಲಿ.” ವಾಲ್ವುಗಳನ್ನು ಲಕೋಟೆಗೆ ಹಾಕಿ ಸೀಲು ಮಾಡಿದರು. ನಾನು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಂಡೆ.

ಹೋಗುವ ದಾರಿಯಲ್ಲಿ ಠಾಣೆಗೆ ಹೊಕ್ಕೆ. ಮಂಜು ಗೋಡೆಗೆ ಆತು ಕೂತಿದ್ದ. ಬೆರಳುಗಳು ತೊಡೆಯ ಮೇಲೆ ತಮ್ಮಷ್ಟಕ್ಕೇ ಏನೋ ಬಾರಿಸುತ್ತಿದ್ದವು.

“ಪೆನ್‌ಡ್ರೈವ್ ಎಂತಕ್ಕೆ ಕಿತ್ತೆ ಮಾರಾಯ?”

“ಬಾವ ಬಿದ್ದದ್ದು ಕಂಡೆ. ಮುಟ್ಟಿ ನೋಡ್ದೆ, ತಣ್ಣಗಿತ್ತು ಮೈ. ಇನ್ನು ಯಾರಾರೂ ಅದ್ನ ಎಸೆದುಬಿಟ್ರೆ ಅಂತ ಹೆದ್ರಿಕೆ ಆತು.” ಅವನು ತಲೆ ಎತ್ತಲಿಲ್ಲ. “ಕೊಡು ಅಂತ ಮೂರು ವರ್ಷ ಕೇಳಿದೆ. ಮೊಬೈಲಲ್ಲಿ ತಗಡು ಬಡ್ದಂಗೆ ಕೇಳ್ತದೆ, ನಿನ್ನಕ್ಕ ಹಂಗಿರ್ಲಿಲ್ಲ ಅಂತಿದ್ದ. ಗುಮಟೆ ಹೊಡ್ದವ ನಾ ದಿನಕರಣ್ಣ. ಆ ಹಾಡು ನಾನೊಬ್ಬ ಕೇಳ್ಲೇ ಇಲ್ಲ.”

ಅವನ ಹೆಗಲು ತಟ್ಟಿ ಹೊರಬಿದ್ದೆ. ಸಂಜೆಯೊಳಗೆ ಬಿಡಿಸುತ್ತೇನೆ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಭಟ್ಕಳದ ಟೆಂಪೋದಲ್ಲಿ ಪಕ್ಕದ ಸೀಟು ಖಾಲಿಯೇ ಉಳಿಯಿತು. ಹಳೇ ರೇಡಿಯೋ ಮಾರುವವರಲ್ಲಿ ವಾಲ್ವು ಹುಡುಕುತ್ತ ಪ್ರಕಾಶನೂ ನಾನೂ ಎಷ್ಟು ಸಲ ಇದೇ ದಾರಿಯಲ್ಲಿ ಹೋಗಿದ್ದೆವು. ಕಿಟಕಿ ಪಕ್ಕ ಅವನಿಗೇ ಬೇಕಿತ್ತು. ಇವತ್ತು ಕಿಟಕಿ ಪಕ್ಕ ನಾನು ಕೂತಿದ್ದೆ, ಹೊರಗೆ ನೋಡಲು ಮನಸ್ಸಾಗಲಿಲ್ಲ.

ರಾಜೇಶನ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ಕಾರಿನ ಸ್ಪೀಕರ್ ನೋಡುತ್ತಿದ್ದರು. ಅವರ ನವಾಯತಿಗೆ ಅವನೂ ಅದೇ ಭಾಷೆಯಲ್ಲಿ ನಗುತ್ತ ಉತ್ತರ ಕೊಡುತ್ತಿದ್ದ. ನನ್ನನ್ನು ಕಂಡ ಕೂಡಲೇ ನಗು ನಿಂತಿತು. ಅವರು ಹೋಗುವವರೆಗೆ ಕಾದೆ.

“ನಿನ್ನೆ ಪ್ರಕಾಶನಲ್ಲಿಗೆ ಹೋಗಿದ್ಯಂತೆ.”

“ನಾಲ್ಕಕ್ಕೆ. ಮೇಡಂಗೆ ಹೇಳಿದ್ದೆ ದಿನಕರಣ್ಣ. ಆಗ ಚಲೋ ಇದ್ದ.”

“ಕೆಲಸ ಎಂತ ಇತ್ತು?”

“ಆ ಸಬ್ ತರೂಕೆ.” ಮೂಲೆಯಲ್ಲಿದ್ದ ಪೆಟ್ಟಿಗೆ ತೋರಿಸಿದ. “ಹನ್ನೆರಡಿಂಚಿಂದು. ಹಚ್ಚಿ ನೋಡು ಅಂತ ಕೊಟ್ಟಿದ್ದೆ. ಆ ಪುಟ್ಟ ಸ್ಪೀಕರಿಗೆ ಇದು ಜೊತೆಯಲ್ಲ ಅಂದ. ಗುಮಟೆಯವ ಮುಂದೆ ಬಂದು ಕೂತು, ದೇವಿ ಅಡಿಗೆಮನೆಯಿಂದ ಹಾಡ್ದಂಗೆ ಆತದೆ ಅಂತೆ. ತಕಂಡು ಹೋಗು ಅಂದಿದ್ದ.”

“ಮತ್ತೆ ಹಾಡು ಕೇಳಿಸ್ದ?”

“ಹೌದು.”

“ಹ್ಯಾಂಗಿತ್ತು?”

“ಎದ್ರಿಗೆ ಕೂತು ಹಾಡ್ದಂಗಿತ್ತು.”

“ಗುಮಟೆ ಹೊಂದಿತ್ತಾ?”

ರಾಜೇಶ ಗಿರಾಕಿಗಳು ಬಿಟ್ಟುಹೋದ ಸ್ಪೀಕರನ್ನು ಡಬ್ಬಿಗೆ ತುಂಬಿದ. ವ್ಯಾಪಾರದಲ್ಲಿ ಅವನು ಹಗಲಿಗೆ ನೂರು ಸುಳ್ಳು ಹೇಳಿಯಾನು. ಆದರೆ ಕಿವಿಯಾರೆ ಕೇಳಿದ ಸದ್ದಿನ ವಿಷಯದಲ್ಲಿ ಅವನ ನಾಲಿಗೆ ಹೊರಳುವುದಿಲ್ಲ. ಆ ಒಂದು ಗುಣಕ್ಕೇ ಪ್ರಕಾಶ ಅವನನ್ನು ಮನೆಗೆ ಸೇರಿಸಿದ್ದು.

“ಗುಮಟೆ ಇರ್ಲಿಲ್ಲ,” ಎಂದ.

ಮೊಬೈಲು ಅವನ ಮುಂದಿಟ್ಟೆ. “ಈ ಫೋಟೋ ನೋಡು. ನಾಲ್ಕಕ್ಕೆ ಈ ಎರಡು ವಾಲ್ವು ಇದ್ದದ್ದು ಕುಮಟಾ ಸ್ಟ್ಯಾಂಡಿನ ಚಾ ಅಂಗಡೀಲಿ. ಎರಡರಿಂದ ಏಳರವರೆಗೆ ಕುರ್ವೆಯಲ್ಲಿ ಕರೆಂಟೂ ಇರ್ಲಿಲ್ಲ. ಎಂತ ಕೇಳಿದೆ ನೀ? ನಿಂಗೆ ಹಾಡಿದ್ದು ಎಂತದು?”

ಅವನು ಮೊಬೈಲನ್ನು ನನ್ನತ್ತ ಸರಿಸಿದ. ಎದ್ದು ಹೋಗಿ ಶಟರ್ ಅರ್ಧ ಎಳೆದು ಬಂದ.

“ಒಳಗೆ ಹೋಗ್ಲೇ ಇಲ್ಲ ನಾ.”

“ಏನು?”

“ದೇವರಾಣೆ ದಿನಕರಣ್ಣ. ಬಾಗ್ಲು ಹಾಕಿತ್ತು. ಬೆಲ್ ಒತ್ತಿದೆ, ಸದ್ದೇ ಬರ್ಲಿಲ್ಲ. ಕರೆಯುವಾ ಅನ್ನುವಾಗ ಒಳಗಿಂದ ಹಾಡು ಬಂತು. ಅದೇ ಹಾಡು. ದೇವಕ್ಕನ ದನಿ.”

“ಟೇಪು.”

“ನಾನೂ ಹಂಗೇ ಅಂದ್ಕಂಡೆ. ಮೂರನೇ ಸಾಲಿಗೆ ತಪ್ಪಿತು. ಕೆಮ್ಮಿ, ಮತ್ತೆ ಅದೇ ಸಾಲು ಮೊದ್ಲಿಂದ ಎತ್ತಿತು.” ಅವನು ನನ್ನ ಕಣ್ಣನ್ನೇ ನೋಡಿದ. “ಟೇಪು ಕೆಮ್ಮೂದಿಲ್ಲ ದಿನಕರಣ್ಣ. ಒಳಗೆ ಒಬ್ಳು ಹೆಂಗಸು ಕೂತು ಹಾಡ್ತಿದ್ಲು.”

ದೇವಿಯ ಚಿತೆಗೆ ಕಟ್ಟಿಗೆ ಹೊತ್ತವರಲ್ಲಿ ನಾನೂ ಒಬ್ಬ.

“ಪ್ರಕಾಶನ ದನಿ ಕೇಳಿತಾ? ಒಂದು ಮಾತು? ಕೆಮ್ಮು?”

“ಇಲ್ಲ. ಹಾಡೊಂದೇ.”

“ಮತ್ತೆ ಪೊಲೀಸರ ಹತ್ರ ಸುಳ್ಳು ಎಂತಕ್ಕೆ?”

“ಸತ್ತವನ ಮಾನ ಅಲ್ದಾ? ಮೂರು ವರ್ಷ ದೇವಕ್ಕ ದೇವಕ್ಕ ಅಂತ ಬದುಕಿದವ. ಬಾಗ್ಲು ಹಾಕ್ಕಂಡು ಒಳಗೆ ಒಬ್ಳನ್ನ ಕೂರ್ಸಿದ್ದ ಅಂತ ನನ್ನ ಬಾಯಿಂದ ಊರಿಗೆ ಗೊತ್ತಾಗ್ಬೇಕಾ? ಜಗ್ಲಿ ಮೇಲಿದ್ದ ಪೆಟ್ಟಿಗೆ ಹೊತ್ತು ಸುಮ್ಮನೆ ಬಂದೆ. ಕರೆದಿದ್ರೆ…” ಅವನು ತೋಳಿನಿಂದ ಮುಖ ಒರೆಸಿಕೊಂಡ. ಕಣ್ಣಲ್ಲಿ ನೀರು ತುಂಬಿತ್ತು.

ಅವನನ್ನು ಬಯ್ಯಲು ನನಗೆ ಯಾವ ಯೋಗ್ಯತೆ? ನಾನೂ ಹೋಗಬೇಕಾದ ದಿನ ಹೋಗದವನೇ.

ಮರಳುವ ಟೆಂಪೋದಿಂದ ಮೇಡಂಗೆ ಫೋನಿನಲ್ಲಿ ಎಲ್ಲ ಹೇಳಿದೆ.

“ಹೆಂಗಸಾ? ಯಾರು ಸರ್?”

“ನರ್ಮದಾಗೆ ಗೊತ್ತಿರ್ಬೋದು. ಗೋಡೆಯಾಚೆ ಇದ್ದವಳು, ಆ ಹಾಡು ಕೇಳದೆ ಇರ್ಲಿಕ್ಕಿಲ್ಲ. ವಿಚಾರಿಸಿ ಹೇಳ್ತೆ.”

“ಬೇಗ ಸರ್. ನರ್ಮದಾ ಮೂರು ಗಂಟೆಗೆ ಸಹಿ ಹಾಕಿದ್ದಾರೆ. ಆ ಹೇಳಿಕೆ ನೋಡಿ ನಮ್ಮ ಸಾಹೇಬರೂ ಒಪ್ಪಿದ್ದಾರೆ. ಮಂಜು ಬಿಡುಗಡೆ ನಿಂತಿರೋದೇ ಅವರ ಒಂದು ಮಾತಿನ ಮೇಲೆ.”

ಕುರ್ವೆ ಮುಟ್ಟಿದಾಗ ನಾಲ್ಕೂ ಇಪ್ಪತ್ತು. ಹೆಚ್ಚುಕಡಿಮೆ ನಿನ್ನೆ ರಾಜೇಶ ಬಂದ ಹೊತ್ತು. ಪ್ರಕಾಶನ ಬಾಗಿಲಿಗೆ ಪೊಲೀಸರ ಬೀಗ ಬಿದ್ದಿತ್ತು. ಓಣಿ ದಾಟಿ ನರ್ಮದಾಳ ಅಂಗಳಕ್ಕೆ ಕಾಲಿಟ್ಟೆ. ಒಳಗೆ ಹೊಲಿಗೆ ಮಿಶನ್ ಓಡುತ್ತಿತ್ತು. ಕರೆಯಬೇಕೆಂದು ಬಾಯಿ ತೆರೆದವನು ಹಾಗೇ ನಿಂತುಬಿಟ್ಟೆ.

ಮಿಶನ್ನಿನ ಸದ್ದಿನ ಮೇಲೆ ಒಂದು ಹಾಡು ಬರುತ್ತಿತ್ತು.

“ಹೊಳೆಯಾಚೆ ದೀಪ ಕಂಡೀತು…”

ಅಲ್ಲಿ ಒಂದು ಉಸಿರು.

“…ತಂಗೀ, ದೋಣಿಯ ಸುದ್ದಿ ಬರಲಿಲ್ಲ.”

ಆ ದನಿ ನಾನು ನೂರು ಸಲ ಕೇಳಿದ ದನಿ. ನರ್ಮದಾಳಿಗೆ ಕಾಯಿಲೆಯಿಲ್ಲ, ಉಸಿರಿಗೆ ಕೊರತೆಯಿಲ್ಲ. ಆದರೂ ಅದೇ ಜಾಗದಲ್ಲಿ, ಅಷ್ಟೇ ಉದ್ದದ ಉಸಿರು. ಗೋಡೆಯಾಚೆಯಿಂದ ಮೂರು ವರ್ಷ ಕೇಳಿ ಕೇಳಿ ಅವಳು ದೇವಿಯ ಹಾಡಿನ ಜೊತೆಗೆ ದೇವಿಯ ಕಾಯಿಲೆಯನ್ನೂ ಕಲಿತುಬಿಟ್ಟಿದ್ದಳು.

ಮೂರನೇ ಸಾಲಿಗೆ ದನಿ ತಪ್ಪಿತು. ಅವಳು ಕೆಮ್ಮಿದಳು. ಮತ್ತೆ ಅದೇ ಸಾಲು, ಮೊದಲಿನಿಂದ.

ಆ ಹೊಸ್ತಿಲು ದಾಟಲಿಲ್ಲ ಎಂದಿದ್ದಳು.

ಎಲ್ಲವೂ ಒಟ್ಟಿಗೇ ಹೊಳೆಯಿತು. ವಾಲ್ವು ಹೋದದ್ದು ಗೊತ್ತಿಲ್ಲದವರು ಯಾರೋ ನಿನ್ನೆ ಆ ಕೋಣೆಯಲ್ಲಿ, ಕರೆಂಟು ಬಂದರೆ ಹಾಡಲಿ ಎಂದು, ಸ್ವಿಚ್ ಹಾಕಿದ್ದರು. ಕರೆಂಟು ಬರಲಿಲ್ಲ, ಪೆಟ್ಟಿಗೆ ಹಾಡಲಿಲ್ಲ. ಆಗ ತಾನೇ ಹಾಡಿದ್ದರು. ನಾಲ್ಕು ಗಂಟೆಗೆ, ಬಾಗಿಲು ಹಾಕಿಕೊಂಡು, ಕುರ್ಚಿಯ ಎದುರು.

ಆಗ ಪ್ರಕಾಶ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದನೋ? ಇಲ್ಲ, ಸಬ್ಬಿನ ಪಕ್ಕ ನೆಲದ ಮೇಲೆ ಬಿದ್ದಿದ್ದನೋ?

ಮಿಶನ್ ನಿಂತಿತು. ನರ್ಮದಾ ತಲೆ ಎತ್ತಿ ಬಾಗಿಲಲ್ಲಿ ನಿಂತ ನನ್ನನ್ನು ಕಂಡಳು. ಬೆಚ್ಚಲಿಲ್ಲ. ಎಷ್ಟೋ ದಿನದಿಂದ ಯಾರಾದರೂ ಬರಲೆಂದು ಕಾದವಳ ಹಾಗೆ ಸುಮ್ಮನೆ ನೋಡಿದಳು. ನನಗೆ ಹೆದರಿಕೆಗಿಂತ ಹೆಚ್ಚಾಗಿ ಅವಳ ಮೇಲೆ ಕನಿಕರ ಬಂತು, ಅದಕ್ಕೆ ನನ್ನ ಮೇಲೇ ಸಿಟ್ಟೂ ಬಂತು.

ಜೇಬಿನಲ್ಲಿ ಫೋನು ಹೊಡೆಯತೊಡಗಿತು. ಮೇಡಂ. ನಾನು ಹೆಸರು ಹೇಳಿದರೆ ನರ್ಮದಾಳ ಹೇಳಿಕೆಗೆ ಮೂರು ಕಾಸಿನ ಬೆಲೆಯಿಲ್ಲ, ಏಳಕ್ಕೆ ಹಾಡಿಲ್ಲದ ಗುಮಟೆ ಕೇಳಿದ ಸಾಕ್ಷಿ ಬೇರೆ ಯಾರೂ ಇಲ್ಲ, ಮಂಜು ಜೈಲಿಗೆ ಹೋಗುತ್ತಾನೆ. ಹೇಳದಿದ್ದರೆ ಪ್ರಕಾಶನನ್ನು ಕೊಂದವರ ಜೊತೆ ನಾನೂ ಸೇರಿದ ಹಾಗೆ.

ನರ್ಮದಾ ಸೂಜಿಯಿಂದ ದಾರ ಕಡಿದು, ಬಟ್ಟೆ ಮಡಚಿ ಬದಿಗಿಟ್ಟಳು.

“ಫೋನು ಎತ್ತಿ ಅಣ್ಣ,” ಎಂದಳು ದೇವಿಯ ದನಿಯಲ್ಲೇ. “ಪಾಪ, ಮಂಜು ಕಾಯ್ತಾ ಇರ್ತ.”